ನನ್ನ ಹೆಂಡತಿ ಚುನಾವಣೆಗೆ ನಿಂತಿಲ್ಲ

ನನ್ನ ಹೆಂಡತಿ ಕಿತೇರಿಯಾಳ ಹುಟ್ಟುಹಬ್ಬಕ್ಕೆ ಆಗುವಷ್ಟು ಗದ್ದಲ ಯಾವ ದೇಶದ ರಾಣಿಯ ಹುಟ್ಟುಹಬ್ಬಕ್ಕೂ ಆಗುವುದಿಲ್ಲ. ಕೋಳಿ ಕೂಗುವ ಮೊದಲೇ ಪಟಾಕಿ ಸಿಡಿದು ಸಮುದ್ರದ ಮೀನುಗಳೆಲ್ಲ ಕಿವುಡಾಗುತ್ತವೆ. ಬ್ಯಾಂಡಿನವರು ಬೀದಿಬೀದಿ ತಿರುಗುತ್ತಾರೆ. ಮನೆಮನೆಯ ಅಂಗಳದಲ್ಲೂ ಬಿದಿರ ಗಳಕ್ಕೆ ಸಿಕ್ಕಿಸಿದ ಇಡೀ ಹಂದಿ ಕೆಂಡದ ಮೇಲೆ ತಿರುಗುತ್ತಿರುತ್ತದೆ. ಆ ಹೊಗೆಗೆ ಒಂದು ವಿಮಾನ ದಾರಿ ತಪ್ಪಿ ಫಿಲಿಪೀನ್ಸಿನ ನಮ್ಮ ಬೊಹೋಲ್ ದ್ವೀಪವನ್ನು ಮೂರು ಸುತ್ತು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದೆಲ್ಲ ನಿನಗಾಗಿ ನಾನೇ ಮಾಡಿಸಿದ ಏರ್ಪಾಟು ಎಂದು ಮದುವೆಯಾದ ಹೊಸದರಲ್ಲಿ ಅವಳಿಗೆ ಹೇಳಿದ್ದೆ. ಅವಳು ನಂಬಲಿಲ್ಲ. ಹೊರ ಊರಿನವರಿಗೆ ಈಗಲೂ ಹೇಳುತ್ತೇನೆ, ಅರ್ಧ ಜನ ನಂಬುತ್ತಾರೆ.

ವಿಷಯ ಇಷ್ಟೇ. ಅವಳು ಹುಟ್ಟಿದ್ದು ಮೇ ಇಪ್ಪತ್ತೆರಡಕ್ಕೆ, ನಮ್ಮ ಕಾನ್‌ಲಂಬೊ ಊರನ್ನು ಕಾಯುವ ಸಂತಳು ಸಾಂತಾ ರೀತಾಳ ಹಬ್ಬದ ದಿನ. ಅವತ್ತು ಊರಲ್ಲಿ ಬಾಗಿಲು ಹಾಕುವ ಮನೆಯೇ ಇಲ್ಲ. ಗುರುತು ಪರಿಚಯ ಇರಲಿ ಬಿಡಲಿ, ಹೊಸ್ತಿಲು ದಾಟಿ ಬಂದವರಿಗೆ ತಟ್ಟೆ ಕೊಡಬೇಕು. ಹೀಗಾಗಿ ಅವಳ ಹುಟ್ಟುಹಬ್ಬಗಳೆಲ್ಲ ಒಲೆಯ ಮುಂದೆಯೇ ಕಳೆದುಹೋದವು. ಬಡಿಸುವ ಗಲಾಟೆಯಲ್ಲಿ ಅವಳಿಗೆ ಶುಭಾಶಯ ಹೇಳುವವರು ಯಾರು? ಹೇಳಿದರೂ ಸಾಂತಾ ರೀತಾಳಿಗೆ ಹೇಳಿದ್ದನ್ನೇ ಇವಳಿಗೂ ಒಂಚೂರು ಹಂಚಿದ ಹಾಗಿರುತ್ತಿತ್ತು.

ಮರೆಯದೆ ಬರುತ್ತಿದ್ದವನು ಒಬ್ಬನೇ, ಅವಳ ತಮ್ಮ ಗಾರ್ಯೊ. ತಾಯಿ ತೀರಿಕೊಂಡಾಗ ಅವನಿಗಿನ್ನೂ ಹಲ್ಲು ಬಂದಿರಲಿಲ್ಲ, ಕಿತೇರಿಯಾಗೆ ಹದಿನಾಲ್ಕು. ಸೊಂಟದ ಮೇಲಿಟ್ಟುಕೊಂಡು ಬೆಳೆಸಿದಳು. ನಮ್ಮ ಮದುವೆಯ ಫೋಟೋದಲ್ಲೂ ಅವಳ ಸೆರಗಿನಂತೆ ಅಂಟಿಕೊಂಡಿದ್ದಾನೆ, ನನಗಿಂತ ಅವನೇ ಚೆನ್ನಾಗಿ ಬಿದ್ದಿದ್ದಾನೆ. ನಮಗೆ ಮಕ್ಕಳಾಗಲಿಲ್ಲ, ಆಗಿದ್ದರೂ ಅವನ ನಂತರದ ಸಾಲಿನಲ್ಲೇ ನಿಲ್ಲಬೇಕಿತ್ತು. ಈಗ ಅವನು ಊರಿನ ಕ್ಯಾಪ್ಟನ್, ಅಂದರೆ ಓಟಿನಲ್ಲಿ ಗೆದ್ದ ಮುಖ್ಯಸ್ಥ. ದೀಪ, ಚರಂಡಿ, ಜಗಳ, ಸಾವು, ಎಲ್ಲಕ್ಕೂ ಜನ ಅವನ ಬಾಗಿಲಿಗೇ ಹೋಗಬೇಕು. ಆದರೂ ಪ್ರತಿ ವರ್ಷ ಹಬ್ಬದ ಪೂಜೆ ಮುಗಿದ ಮೇಲೆ ನಮ್ಮ ಹಿತ್ತಿಲ ಬಾಗಿಲಿಂದ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ಹಾಕು" ಅನ್ನುತ್ತಿದ್ದ. ಹುಟ್ಟುಹಬ್ಬದ ಶಾವಿಗೆಯ ಮೊದಲ ತಟ್ಟೆ ಅವನದು. ಎಳೆ ಕತ್ತರಿಸುವಂತಿಲ್ಲ, ಕತ್ತರಿಸಿದರೆ ಆಯುಷ್ಯ ಕತ್ತರಿಸಿದ ಹಾಗೆ. ಅಕ್ಕನ ಆಯುಷ್ಯವನ್ನು ಅವನು ಸೊರ್ ಸೊರ್ ಎಂದು ಎಳೆದುಕೊಂಡು ತಿನ್ನುತ್ತಿದ್ದ. ಅವನು ತಿನ್ನುವ ತನಕ ಇವಳು ಬಾಯಿಗೆ ಒಂದಗುಳು ಹಾಕುತ್ತಿರಲಿಲ್ಲ. ಅವಳ ಹುಟ್ಟುಹಬ್ಬ ಅಂದರೆ ಆ ಒಂದು ತಟ್ಟೆ, ಅಷ್ಟೇ.

ಈ ವರ್ಷ ಅವಳಿಗೆ ಅರವತ್ತು. ನನ್ನಂಥವನ ಹೆಂಡತಿಯ ಅರವತ್ತು ಒಂದು ತಟ್ಟೆ ಶಾವಿಗೆಯಲ್ಲಿ ಮುಗಿಯಬಾರದು ಅನ್ನಿಸಿತು. ನಾನು ಯಾರೆಂದುಕೊಂಡಿರಿ? ಈ ಕರಾವಳಿಯ ದೋಣಿಗಳ ಎಂಜಿನ್ನುಗಳೆಲ್ಲ ನನ್ನ ಕೆಮ್ಮು ಕೇಳಿದರೇ ಸ್ಟಾರ್ಟ್ ಆಗುತ್ತವೆ. ಪೇಟೆಗೆ ಹೋಗಿ ಫ್ಲೆಕ್ಸ್ ಮಾಡಿಸುವುದೆಂದು ತೀರ್ಮಾನಿಸಿದೆ.

"ಎಷ್ಟು ದೊಡ್ಡದು ನೊಂಗ್?" ಅಂಗಡಿಯ ರೆಯ್ಮಾರ್ ಕೇಳಿದ. ವಯಸ್ಸಾದ ಗಂಡಸರನ್ನು ನಮ್ಮಲ್ಲಿ ಹಾಗೆ ಕರೆಯುವುದು, ಹೆಂಗಸರನ್ನು ನಾಂಗ್ ಎಂದು.

"ಚಂದ್ರನ ಮೇಲಿಂದ ಕಾಣ್ಬೇಕು."

"ಹುಟ್ಟಿದಹಬ್ಬದ ಡಿಸೈನಲ್ಲಿ ಅಷ್ಟು ದೊಡ್ಡದು ಇಲ್ಲ ನೊಂಗ್. ಮಕ್ಕಳದ್ದಿದೆ. ಬಲೂನು, ಮೊಲ..."

"ಅರವತ್ತು ವರ್ಷದ ಹೆಂಗಸಿನ ಪಕ್ಕ ಮೊಲ ಕೂರಿಸ್ತೀಯೇನೋ?"

"ದೊಡ್ಡದು ಅಂದ್ರೆ ಇದೊಂದಿದೆ ನೋಡಿ."

ನೋಡಿದೆ. ಆಹಾ! ನೀಲಿ ಆಕಾಶ, ಉದಯಿಸುವ ಸೂರ್ಯ, ಅಂಚಿನಲ್ಲಿ ಬಾವುಟದ ಬಣ್ಣದ ಪಟ್ಟಿ. ನನ್ನ ಹೆಂಡತಿಯ ಮುಖಕ್ಕೆಂದೇ ದೇವರು ಹೇಳಿ ಮಾಡಿಸಿದ ಹಾಗಿತ್ತು. ನನ್ನ ಬಳಿ ಇದ್ದ ಒಳ್ಳೆಯ ಫೋಟೋ ಒಂದೇ. ಯಾರದೋ ಮದುವೆಯಲ್ಲಿ ಫೋಟೋದವನಿಗೆ "ಬೇಡ, ಬೇಡ" ಎಂದು ಅವಳು ಕೈಯೆತ್ತಿದಾಗ ತೆಗೆದದ್ದು. ಅದನ್ನೇ ಕೊಟ್ಟೆ. ಅಕ್ಷರಗಳನ್ನು ನಾನೇ ಹೇಳಿ ಬರೆಸಿದೆ. ಮೇಲೆ: "ಊರಿಗೆ ಒಬ್ಬಳೇ ಕಿತೇರಿಯಾ!" ನಡುವೆ: "ಎಲ್ಲರಿಗೂ ಅನ್ನ ಹಾಕಿದ ಕೈ!" ಅದರಡಿಗೆ: "ಸಮಸ್ತ ಜನತೆಗೆ ಹಬ್ಬದ ಶುಭಾಶಯಗಳು." ಎಲ್ಲಕ್ಕಿಂತ ಕೆಳಗೆ, ಜಾಗ ಉಳಿದಷ್ಟರಲ್ಲಿ: "ಅರವತ್ತನೇ ಹುಟ್ಟುಹಬ್ಬ. ನಿನ್ನ ಗಂಡ ಮೆಲಾನ್ಯೊ."

ಹಬ್ಬದ ಬೆಳಗ್ಗೆ ಅವಳು ಸಂತೆಗೆ ಹೋದ ಹೊತ್ತಿಗೆ ಅದನ್ನು ಮನೆ ಮುಂದಿನ ತೆಂಗಿನ ಮರಕ್ಕೂ ಲೈಟು ಕಂಬಕ್ಕೂ ಕಟ್ಟಿದೆ. ಬೀದಿಗೆ ಕಟ್ಟಿದ್ದ ಬಣ್ಣದ ತೋರಣವೊಂದು ಫ್ಲೆಕ್ಸಿನ ಕೊನೆಯ ಸಾಲಿಗೆ, ಅರವತ್ತನೇ ಹುಟ್ಟುಹಬ್ಬದ ಅಕ್ಷರಗಳಿಗೆ, ಅಡ್ಡ ಬಂತು. ತೋರಣ ಸಾಂತಾ ರೀತಾಳದ್ದು, ಕೀಳುವ ಹಾಗಿಲ್ಲ. ಮುಖ ಕಾಣುತ್ತದಲ್ಲ, ಸಾಕು ಎಂದುಕೊಂಡೆ. ಮುಖವೇನು, ಅವಳ ಮೂಗಿನ ಪಕ್ಕದ ಮಚ್ಚೆಯೇ ಒಂದು ಚಕ್ಕಡಿಯ ಗಾಲಿಯಷ್ಟಿತ್ತು.

ಅವಳು ಬಂದು, ತಲೆಯೆತ್ತಿ ನೋಡಿ, ಬುಟ್ಟಿ ಕೆಳಗಿಟ್ಟಳು.

"ಇದೇನ್ರೀ ಇದು?"

"ನೀನೇ."

"ನಾನು ಅಂತ ಗೊತ್ತಾಯ್ತು. ಯಾಕೆ?"

"ಅರವತ್ತಲ್ವೇನೇ!"

"ಇಳಿಸ್ರೀ. ಊರೋರು ನಗ್ತಾರೆ."

ಊರವರು ನಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.

ಮೊದಲು ಬಂದವಳು ಕೆಳಗಿನ ಓಣಿಯ ಮುದುಕಿ ಸೆವೆರಿನಾ. ಪ್ರತಿ ವರ್ಷ ನೇರ ಹಂದಿಮಾಂಸದ ಕಡೆಗೆ ನಡೆಯುವವಳು ಈ ಸಲ ಕಿತೇರಿಯಾಳ ಎರಡೂ ಕೈ ಹಿಡಿದುಕೊಂಡಳು. "ನಮ್ಮ ಓಣಿ ದೀಪ ಕೆಟ್ಟು ವರ್ಷ ಆಯ್ತು ಕಣಮ್ಮಾ. ನಿನ್ ಕೈಗೆ ಅಧಿಕಾರ ಬಂದ್ಮೇಲೆ ಮರೀಬೇಡ."

"ಯಾವ ಅಧಿಕಾರ ಅಜ್ಜಿ?"

"ಆಯ್ತು ಬಿಡು, ನಾನೇನೂ ಕೇಳಲಿಲ್ಲ, ನೀನೇನೂ ಹೇಳಲಿಲ್ಲ," ಎಂದು ಮುದುಕಿ ಒಂದು ಕಣ್ಣು ಹೊಡೆದಳು. ಆ ವಯಸ್ಸಿನಲ್ಲಿ ಅವಳಿಗೆ ಅದೊಂದೇ ಕಣ್ಣು ಸರಿಯಾಗಿ ಮುಚ್ಚುತ್ತಿತ್ತು.

ಆಮೇಲೆ ತ್ರಿಚಕ್ರದ ಗಾಡಿಯವರ ಮುಖಂಡ ವೆನ್ಸೆಸ್ಲಾವ್ ಬಂದ. ಶಾವಿಗೆಯ ಪಾತ್ರೆಗೆ ಸೌಟು ಹಾಕಲು ಹೋದವನನ್ನು ಕಿತೇರಿಯಾ ತಡೆದಳು. "ಅದು ಬೇಡ, ಗಾರ್ಯೊ ಬರ್ಲಿ. ಬೇರೆ ಏನ್ ಬೇಕಾದ್ರೂ ಹಾಕ್ಕೊಳ್ಳಿ." ಅವನು ನನ್ನನ್ನು ಮೂಲೆಗೆ ಎಳೆದ.

"ನಮ್ ಗಾಡಿಯವ್ರ ಓಟು ಪೂರ್ತಿ ನಾಂಗ್ ಕಿತೇರಿಯಾಗೇ. ಆದ್ರೂ ನೊಂಗ್, ತಮ್ಮನ ಎದ್ರೇ ಅಕ್ಕನ್ನ ನಿಲ್ಲಿಸ್ತೀರಲ್ಲ, ಗುಂಡಿಗೆ ಅಂದ್ರೆ ನಿಮ್ದು."

"ಯಾರೋ ಹೇಳಿದ್ದು ನಿಲ್ತಾಳೆ ಅಂತ?"

"ಅಷ್ಟು ದೊಡ್ಡ ಫ್ಲೆಕ್ಸ್ ಹಾಕಿದೀರಿ! ಅಕ್ಟೋಬರಿಗೆ ಚುನಾವಣೆ. ಇನ್ಯಾಕೆ ಹಾಕ್ತಾರೆ?"

"ಅವ್ಳ ಹುಟ್ಟಿದಹಬ್ಬ ಕಣಪ್ಪಾ!"

"ಗೊತ್ತು, ಗೊತ್ತು. ನಾಮಪತ್ರ ಹಾಕೋವರ್ಗೂ ಹಾಗೇ ಹೇಳ್ಬೇಕು. ನಮ್ ಕ್ಯಾಪ್ಟನ್ನೂ ಹೋದ್ಸಲ ಹಾಗೇ ಹೇಳ್ತಿದ್ರು."

ಇದಕ್ಕೆ ಏನು ಹೇಳುತ್ತೀರಿ? ಹೌದು ಅಂದರೆ ಹೌದು, ಇಲ್ಲ ಅಂದರೆ ಎರಡು ಪಟ್ಟು ಹೌದು. ತಿಮಿಂಗಿಲದ ಬಾಯಲ್ಲಿ ಕೈ ಹಾಕಿ ನನ್ನ ಸ್ಪ್ಯಾನರ್ ವಾಪಸು ತಂದೆ ಎಂದು ನಾನು ಹೇಳಿದಾಗ ಚಪ್ಪಾಳೆ ಹೊಡೆದ ಜನ ಇವರು. ಇವತ್ತು ಸಾಂತಾ ರೀತಾಳ ಮೇಲೆ ಆಣೆಯಿಟ್ಟು ನಿಜ ಹೇಳಿದರೆ, "ನೊಂಗ್ ಮೆಲಾನ್ಯೊ ಬಿಡ್ರೀ, ಯಾವಾಗ್ಲೂ ತಮಾಷೆ" ಅಂತ ಬೆನ್ನು ತಟ್ಟಿ ಹೋದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳದಲ್ಲಿ ಫಿಲಿಪೀನ್ಸಿನ ಮುಕ್ಕಾಲು ಭಾಗ ಕೂತು ಉಣ್ಣುತ್ತಿತ್ತು. ಹಿಂದಿನ ವರ್ಷಗಳಲ್ಲಿ ಉಂಡು ಎದ್ದು ಹೋಗುತ್ತಿದ್ದವರು ಈ ಸಲ ಎದ್ದು ಹೋಗುತ್ತಿರಲಿಲ್ಲ. ಬೇಡಿಕೆ ಹೇಳಲು ಕಾದಿದ್ದರು. ಒಬ್ಬನಿಗೆ ಬಾಸ್ಕೆಟ್‌ಬಾಲ್ ಕಂಬಕ್ಕೆ ರಿಂಗು ಬೇಕು, ಒಬ್ಬಳಿಗೆ ಗಂಡನ ಕುಡಿತ ಬಿಡಿಸಬೇಕು. ಕಿತೇರಿಯಾ ಬಡಿಸುತ್ತ ಬಡಿಸುತ್ತ ಹಿತ್ತಿಲ ಬಾಗಿಲ ಕಡೆ ನೋಡುತ್ತಿದ್ದಳು. ಪೂಜೆ ಮುಗಿದು ಗಂಟೆ ಬಾರಿಸಿ ಎಷ್ಟೋ ಹೊತ್ತಾಗಿತ್ತು. ಹೊಸ್ತಿಲು ಖಾಲಿಯೇ ಇತ್ತು; ಯಾರೋ ಅಲ್ಲಿ ಕೂರಲು ಹೋದಾಗ ಅವಳು ಎಬ್ಬಿಸಿದ್ದಳು.

"ಕೆಲ್ಸ ಇರತ್ತೆ ಅವ್ನಿಗೆ," ಅಂದಳು, ನಾನು ಏನೂ ಕೇಳದಿದ್ದರೂ.

ನಾನೇ ಹೊರಟೆ.

ಗಾರ್ಯೊ ಆಟದ ಅಂಗಳದ ವೇದಿಕೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಊರ ಸಭೆಯಲ್ಲಿ ಅವನ ಪಕ್ಷ ವಹಿಸುವ ಸದಸ್ಯ ದಾಮಾಸೊ. ಗಾರ್ಯೊನ ಮುಖ ಬೇಯಿಸಿದ ಸಿಗಡಿಯಂತೆ ಕೆಂಪಾಗಿತ್ತು.

"ಬನ್ನಿ ಭಾವ. ಪ್ರಚಾರ ಜೋರಾ?"

"ಪ್ರಚಾರ ಯಾವ್ದೋ? ಹುಟ್ಟಿದಹಬ್ಬ ಕಣೋ! ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಹುಟ್ಟಿದಹಬ್ಬಕ್ಕೆ ಸೂರ್ಯ, ಬಾವುಟ ಹಾಕ್ತಾರಾ ಭಾವ? ಎಲ್ಲರಿಗೂ ಅನ್ನ ಹಾಕಿದ ಕೈ ಅಂತೆ. ಹಾಗಾದ್ರೆ ನಂದು ಕಿತ್ಕೊಂಡ ಕೈನಾ? ಪೂಜೆ ಮುಗ್ಸಿ ಬರ್ತಿದ್ರೆ ಜನ ನನ್ ಮುಖ ನೋಡಿ ನಗ್ತಾರೆ."

"ಕೆಳಗೆ ಬರೆದಿದೆ ಕಣೋ, ಅರವತ್ತು ಅಂತ! ತೋರಣ ಅಡ್ಡ ಬಂದಿದೆ."

"ತೋರಣ," ಅಂದ ದಾಮಾಸೊ. ಹೇಳಿ ನಕ್ಕ.

ಗಾರ್ಯೊ ನಗಲಿಲ್ಲ. ಅವನ ದನಿ ಇದ್ದಕ್ಕಿದ್ದಂತೆ ಸಣ್ಣ ಹುಡುಗನದಾಯಿತು. "ಅಕ್ಕ ನೇರ ಬಂದು ನಂಗ್ ಬೇಕು ಕಣೋ ಅಂದಿದ್ರೆ ನಾನೇ ಬಿಟ್ಕೊಡ್ತಿದ್ನಲ್ಲ ಭಾವ. ಅವ್ಳು ಕೇಳಿದ್ರೆ ಇಲ್ಲ ಅಂತಿದ್ನಾ? ಊರಿಗೆಲ್ಲ ತೋರಿಸಿ, ನಂಗ್ ಮಾತ್ರ ಹೇಳ್ದೆ..."

"ಅವ್ಳಿಗೇ ಗೊತ್ತಿರ್ಲಿಲ್ಲ ಮಾರಾಯ. ಈಗ್ಲೇ ಹೋಗಿ ಇಳಿಸ್ತೀನಿ."

ದಾಮಾಸೊ ಕುರ್ಚಿಯಿಂದ ಹಾರಿ ಎದ್ದ. "ಇಳಿಸ್ಬೇಡಿ! ಇಳಿಸಿದ್ರೆ ಕ್ಯಾಪ್ಟನ್ ಹೆದ್ರಿಸಿ ಇಳಿಸ್ದ ಅಂತಾರೆ. ಅದೂ ಸಾಕಿದ ಅಕ್ಕನ್ನ, ಅದೂ ಹಬ್ಬದ ದಿನ. ಒಂದ್ ಓಟು ಬೀಳಲ್ಲ ನಮ್ಗೆ."

"ಹಾಗಾದ್ರೆ ಇರ್ಲಿ."

"ಇದ್ರೆ ಅವ್ರೇ ಗೆಲ್ತಾರೆ."

"ಮತ್ತೆ ನಾನೇನ್ ಮಾಡ್ಲಿ?"

ಅಂಗಳದಲ್ಲಿ ಚೆಂಡು ಪುಟಿಯುವ ಸದ್ದು ಕೇಳುತ್ತಿತ್ತು. ಸಮುದ್ರದ ನಡುವೆ ಕೆಟ್ಟುನಿಂತ ಎಂಜಿನ್ನುಗಳನ್ನು ಹಲ್ಲಿನಿಂದ ಬಿಚ್ಚಿ ಸರಿಮಾಡಿದವನು ನಾನು. ಇದರಲ್ಲಿ ಯಾವ ನಟ್ಟು ಬಿಚ್ಚಬೇಕೆಂದೇ ಹೊಳೆಯಲಿಲ್ಲ.

"ಶಾವಿಗೆ ತಿನ್ನೋಕಾದ್ರೂ ಬಾರೋ," ಅಂದೆ. "ಅವ್ಳು ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ."

ಗಾರ್ಯೊ ತನ್ನ ಬೂಟು ನೋಡಿಕೊಂಡ. ಏಳುವವನಂತೆ ಮೊಣಕಾಲ ಮೇಲೆ ಕೈ ಊರಿದ ಕೂಡ. ದಾಮಾಸೊ ಅವನ ಭುಜ ಒತ್ತಿದ. "ನೀವೀಗ ಆ ಮನೆಗೆ ಹೋದ್ರೆ, ಕ್ಯಾಪ್ಟನ್ ಹೋಗಿ ಕಾಲಿಗೆ ಬಿದ್ದ ಅಂತಾರೆ."

ಗಾರ್ಯೊ ಏಳಲಿಲ್ಲ.

ಮನೆಗೆ ಬಂದರೆ ಕಿತೇರಿಯಾ ಶಾವಿಗೆಯ ಪಾತ್ರೆಗೆ ಮುಚ್ಚಳ ಹಾಕಿ ಅದರ ಪಕ್ಕದಲ್ಲಿ ನಿಂತಿದ್ದಳು, ಮಗುವಿಗೆ ಕಾವಲು ನಿಂತ ಹಾಗೆ.

"ಬರ್ತಾನಂತಾ?"

"ಕೆಲ್ಸ..." ಅಂದು ನಿಲ್ಲಿಸಿದೆ. ಅವಳು ನನ್ನ ಮುಖ ನೋಡಿದಳು, ಕಿಟಕಿಯಾಚೆ ಫ್ಲೆಕ್ಸಿನಲ್ಲಿ ಕಾಣುತ್ತಿದ್ದ ತನ್ನ ಮುಖವನ್ನೂ ನೋಡಿದಳು. ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಎಳೆ ಕಡಿಯದ ಹಾಗೆ ಎತ್ತೆತ್ತಿ ತಟ್ಟೆ ತುಂಬ ಶಾವಿಗೆ ಹಾಕಿ ಬಾಳೆಲೆ ಮುಚ್ಚಿದಳು.

"ಅವ್ನು ಬರಕ್ಕಾಗಲ್ಲ ಅಂದ್ರೆ ನಾನ್ ಹೋಗ್ತೀನಿ. ಅಷ್ಟೇ ತಾನೆ?"

ಅಷ್ಟೇ ಆಗಿದ್ದರೆ! ಅವಳು ತಟ್ಟೆ ಹಿಡಿದು ಅಂಗಳ ದಾಟುತ್ತಿದ್ದಂತೆ ವೆನ್ಸೆಸ್ಲಾವ್ ಕೇಳಿದ, "ಎಲ್ಲಿಗೆ ನಾಂಗ್?"

"ಗಾರ್ಯೊ ಮನೆಗೆ."

ಅಂಗಳದಲ್ಲಿ ತಟ್ಟೆಗಳನ್ನು ಕೆಳಗಿಟ್ಟ ಸದ್ದು ಒಟ್ಟಿಗೆ ಆಯಿತು. "ಕ್ಯಾಪ್ಟನ್ ಮನೆಗೇ ಹೊರಟ್ರು!" ಎಂದು ಯಾರೋ ಕೂಗಿದರು. ಮುಕ್ಕಾಲು ಫಿಲಿಪೀನ್ಸ್ ಎದ್ದು ನಿಂತಿತು.

"ಯಾಕ್ರಪ್ಪಾ ಎದ್ರಿ? ಊಟ ಮಾಡಿ, ಊಟ ಮಾಡಿ," ಅಂದಳು ಅವಳು.

"ನೀವು ಮುಂದೆ ನಡೀರಿ ನಾಂಗ್, ಹಿಂದೆ ನಾವಿದ್ದೀವಿ!"

ಬೀದಿಯಲ್ಲಿ ಕುಡಿಯಲು ನಿಂತಿದ್ದ ಬ್ಯಾಂಡಿನವರು ಇಷ್ಟು ಜನ ಹೊರಟಿದ್ದು ಕಂಡು, ಮೆರವಣಿಗೆಯೇ ಇರಬೇಕೆಂದು ವಾದ್ಯ ಎತ್ತಿಕೊಂಡರು. ನಾನು ಮುಂದೆ ಓಡಿ, ಎರಡೂ ಕೈ ಮೇಲೆತ್ತಿ, "ವಾಪಸು ಹೋಗ್ರೋ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ನನ್ನ ದನಿಗೆ ತೆಂಗಿನಕಾಯಿ ಉದುರುತ್ತವೆ, ಆದರೆ ಡೋಲಿನ ಮುಂದೆ ಅದೂ ಕೇಳಿಸಲಿಲ್ಲ. ನಾನು ಹುರಿದುಂಬಿಸುತ್ತಿದ್ದೇನೆ ಎಂದುಕೊಂಡು ಎಲ್ಲರೂ ಎರಡೂ ಕೈ ಮೇಲೆತ್ತಿದರು. "ಕಿ-ತೇ-ರಿ-ಯಾ!" ಎಂದರು. ಕೈ ಇಳಿಸಿದೆ, ಅವರು ಇಳಿಸಲಿಲ್ಲ. ನಡುವೆ ಅವಳು, ತಟ್ಟೆಯ ಮೇಲಿನ ಎಲೆ ಹಾರದಂತೆ ಹೆಬ್ಬೆರಳಲ್ಲಿ ಒತ್ತಿಕೊಂಡು, ಯಾರದೋ ಮೆರವಣಿಗೆಗೆ ಸಿಕ್ಕಿಬಿದ್ದವಳಂತೆ ತಲೆತಗ್ಗಿಸಿ ನಡೆಯುತ್ತಿದ್ದಳು. ಓಡಿದರೆ ಜನವೂ ಓಡಿದರು, ನಿಂತರೆ ನಿಂತರು.

"ಏನಾದ್ರೂ ಮಾಡ್ರೀ," ಅಂದಳು ನನಗೆ.

ನಾನು ಅವಳ ಪಕ್ಕದಲ್ಲಿ ನಡೆದೆ. ಅದಕ್ಕಿಂತ ಹೆಚ್ಚಿನದೇನೂ ಮಾಡಲಾಗಲಿಲ್ಲ.

ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತೆಂದು ಕಾಣುತ್ತದೆ. ಗಾರ್ಯೊ ಆಟದ ಅಂಗಳದಿಂದ ಮನೆಗೆ ಓಡಿದ್ದ. ನಾವು ತಲುಪಿದಾಗ ಅವನ ಮನೆಯ ಬಾಗಿಲು ಮುಚ್ಚಿತ್ತು. ಹಬ್ಬದ ದಿನ! ಒಳಗೆ ಉಣ್ಣುತ್ತಿದ್ದ ಅತಿಥಿಗಳ ಸಮೇತ ಚಿಲಕ ಹಾಕಿದ್ದರು. ಹಾಗೆ ಮುಚ್ಚಿದ ಬಾಗಿಲನ್ನು ನಾನು ನನ್ನ ಎಂಟುನೂರು ವರ್ಷದ ಜೀವನದಲ್ಲಿ ಕಂಡಿರಲಿಲ್ಲ.

ಕಿತೇರಿಯಾ ಬಾಗಿಲು ತಟ್ಟಲಿಲ್ಲ. ಪಕ್ಕದ ಕಿಟಕಿಗೆ ಹೋಗಿ, "ಗಾರ್ಯೋ," ಅಂದಳು. "ನಾನು ಕಣೋ."

ಕಿಟಕಿ ಒಂದು ಗೇಣು ತೆರೆಯಿತು. ಅವನ ಅರ್ಧ ಮುಖ ಕಾಣಿಸಿತು, ಹಿಂದೆ ದಾಮಾಸೊನ ಮುಖದ ಕಾಲು ಭಾಗ.

"ಇವ್ರನ್ನೆಲ್ಲ ಯಾಕ್ ಕರ್ಕೊಂಡ್ ಬಂದೆ?"

"ನಾನ್ ಕರ್ಕೊಂಡ್ ಬಂದಿಲ್ಲ ಕಣೋ. ಅವ್ರೇ ಬಂದ್ರು."

"ಕಳಿಸು."

"ಹೋಗ್ತಾ ಇಲ್ಲ." ಅವಳು ತಟ್ಟೆ ಎತ್ತಿ ಹಿಡಿದಳು. "ಆರಿ ಹೋಗತ್ತೆ. ತಿನ್ನು."

ಹಿಂದಿನಿಂದ ಯಾರೋ, "ಕ್ಯಾಪ್ಟನ್, ಹೊರಗೆ ಬಂದ್ ಮಾತಾಡಿ!" ಎಂದರು. ಜನ ನಕ್ಕರು. ಡೋಲಿನವನು ಒಂದು ಪೆಟ್ಟು ಹಾಕಿದ. ಕಿಟಕಿಯ ಸಂದಿಯಿಂದ ಕೈಯೊಂದು ಬಂದು ತಟ್ಟೆ ತೆಗೆದುಕೊಂಡಿತು. ಕಿಟಕಿ ಮುಚ್ಚಿತು.

ಅವಳು ಕಾದಳು. ತಟ್ಟೆ ವಾಪಸು ಬರುವ ತನಕ ಕಾಯುವುದು ಅವಳ ರೂಢಿ. ಹೊಸ್ತಿಲ ಮೇಲೆ ಕೂತು ತಿಂದು, ಬೆರಳಿಂದ ಬಳಿದು, ಬರಿದಾದ ತಟ್ಟೆಯನ್ನು ಅವನು ಅವಳ ಕೈಗೇ ಕೊಡುತ್ತಿದ್ದ. ಅವಳು ಅದನ್ನು ನೋಡಿ, "ನಾಯಿ ನೆಕ್ಕಿದ ಹಾಗಿದೆ," ಅನ್ನುತ್ತಿದ್ದಳು. ಪ್ರತಿ ವರ್ಷ ಅದೇ ಮಾತು. ನಾನು ಕಿಟಕಿಗೆ ಕಿವಿ ಹಚ್ಚಿದೆ. ಪಾತಾಳದಲ್ಲಿ ಇರುವೆ ಕೆಮ್ಮಿದರೆ ಕೇಳುವ ಕಿವಿ ನನ್ನದು. ಸೊರ್ ಎಂಬ ಸದ್ದು ಮಾತ್ರ ಕೇಳಲಿಲ್ಲ.

ಕಿಟಕಿ ಮತ್ತೆ ತೆರೆಯಿತು. ತಟ್ಟೆ ಬಂತು. ತೊಳೆದು, ಒರೆಸಿ, ಅದರ ತುಂಬ ಹಂದಿಮಾಂಸ ಹಾಕಿದ್ದರು, ಎಲ್ಲಕ್ಕಿಂತ ರುಚಿಯಾದ, ಗರಿಗರಿ ಚರ್ಮದ ಭಾಗ. ಮೇಲೆ ಕಾಗದದ ಕರವಸ್ತ್ರ ಮುಚ್ಚಿತ್ತು. ಯಾರಾದರೂ ತಿಂಡಿ ಕೊಟ್ಟರೆ ತಟ್ಟೆಯನ್ನು ಬರಿದಾಗಿ ಮರಳಿಸಬಾರದು, ಏನಾದರೂ ಹಾಕಿ ಕೊಡಬೇಕು. ಅಕ್ಕಪಕ್ಕದವರಿಗೆ, ಪರಿಚಯದವರಿಗೆ, ಹಾಗೆ ಮಾಡುವುದೇ ಮರ್ಯಾದೆ. ಒಡಹುಟ್ಟಿದವರಿಗೆ ಯಾರೂ ಹಾಗೆ ಮಾಡುವುದಿಲ್ಲ.

ಜನಕ್ಕೆ ಅದು ಬೇರೆಯೇ ಕಂಡಿತು. "ಕ್ಯಾಪ್ಟನ್ ಕಪ್ಪ ಕೊಟ್ರು! ಸೋತ್ರು!" ಎಂಬ ಕೂಗಿಗೆ ಬ್ಯಾಂಡು ಶುರುವಾಯಿತು.

"ತಿಂದ್ಯೇನೋ?" ಎಂದಳು ಕಿತೇರಿಯಾ ಕಿಟಕಿಗೆ. ಗದ್ದಲದಲ್ಲಿ ಅವಳ ಮಾತು ಅವಳಿಗೇ ಕೇಳಿಸಿತೋ ಇಲ್ಲವೋ. "ಗಾರ್ಯೋ, ತಿಂದ್ಯಾ?"

ಒಳಗಿನಿಂದ ಉತ್ತರ ಬಂತು, ವೇದಿಕೆಯ ಮೇಲೆ ಮೈಕಿನಲ್ಲಿ ಮಾತಾಡುವ ದನಿಯಲ್ಲಿ. "ಧನ್ಯವಾದ, ನಾಂಗ್ ಕಿತೇರಿಯಾ. ನಿಮಗೂ ಹಬ್ಬದ ಶುಭಾಶಯ."

ನಾಂಗ್ ಕಿತೇರಿಯಾ. ಮುದುಕಿ ಸೆವೆರಿನಾಳನ್ನೂ ಅವನು ಹಾಗೆಯೇ ಕರೆಯುತ್ತಾನೆ, ಗಾಡಿಯವರ ಹೆಂಡಂದಿರನ್ನೂ.

ಅವಳು ಕಿಟಕಿಯ ಮುಂದೆ ಇನ್ನಷ್ಟು ಹೊತ್ತು ನಿಲ್ಲುತ್ತಿದ್ದಳೇನೋ. ನಿಲ್ಲಲು ಬಿಡಬೇಕಲ್ಲ! ಹಿಂದಿನವರು ಮುಂದಿನವರನ್ನು ತಳ್ಳಿ, ಮುಂದಿನವರು ಅವಳನ್ನು ತಿರುಗಿಸಿ, ಗಾರ್ಯೊನ ಮನೆಯ ಮೆಟ್ಟಿಲ ಮೇಲೇ ನಿಲ್ಲಿಸಿದರು. "ಮಾತಾಡಿ ನಾಂಗ್! ಎರಡ್ ಮಾತು!" ಎಂದು ವೆನ್ಸೆಸ್ಲಾವ್ ಕೂಗಿದ. ಬ್ಯಾಂಡು ನಿಂತಿತು. ಊರಿಗೆ ಊರೇ ಅವಳ ಬಾಯಿ ನೋಡುತ್ತ ನಿಂತಿತು. ಅವಳು ನನ್ನ ಕಡೆ ನೋಡಿದಳು. ಹೇಳಿಕೊಡಬೇಕಿತ್ತು ನಾನು, ಸಮುದ್ರಕ್ಕೇ ಭಾಷಣ ಮಾಡಿ ಅಲೆ ನಿಲ್ಲಿಸಿದವನು. ಒಂದಕ್ಷರ ಹೊರಡಲಿಲ್ಲ.

ಕೊನೆಗೆ ಅವಳು, ಹಬ್ಬದ ದಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳುತ್ತ ಬಂದಿದ್ದನ್ನೇ ಹೇಳಿದಳು.

"ಬನ್ನಿ, ಮನೆಗ್ ಬನ್ನಿ. ಎಲ್ರೂ ಊಟ ಮಾಡಿ."

ಆ ಚಪ್ಪಾಳೆಗೆ ಸಾಂತಾ ರೀತಾಳ ಚರ್ಚಿನ ಹೆಂಚು ಹಾರಿತು ಎಂದು ನಾನು ಬೇಕಾದರೆ ಹೇಳಬಲ್ಲೆ, ಹೇಳುವುದಿಲ್ಲ. ಜನ ಅವಳನ್ನು ನಡುವೆ ಇಟ್ಟುಕೊಂಡು ನಮ್ಮ ಮನೆಯ ಕಡೆಗೆ ತಿರುಗಿದರು. ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು, ಮುಂದೆ ಬಡಿಸಬೇಕಾಗಿದ್ದುದರಿಂದ. ಅವಳಿನ್ನೂ ಊಟ ಮಾಡಿರಲಿಲ್ಲ.